ಮೇಲಂತಸ್ತಿನ ಮೂರನೆಯ ಕಿಟಕಿ

ಮಾರಿಸ್‌ಟೌನ್, ನ್ಯೂಜೆರ್ಸಿ
18 ನವೆಂಬರ್ 2024

ಶ್ರೀಮತಿ ನಳಿನಾಕ್ಷಿಯವರಿಗೆ ವಂದನೆಗಳು.

ನಾನು ಮಹಿಮಾಳ ತಂದೆ, ಶಂಕರನಾರಾಯಣ. ನೀವು ವೆಲ್‌ಬೋರ್ನ್ ವಿಲ್ಲಾದ ನೆಲ ಅಂತಸ್ತಿನಲ್ಲಿ ವಾಸವಾಗಿರುವವರೆಂದೂ, ಆ ಕಟ್ಟಡವನ್ನು ನೋಡಿಕೊಳ್ಳುವ ಟ್ರಸ್ಟಿನ ಕಾರ್ಯದರ್ಶಿಯೆಂದೂ, ಮೂಲತಃ ಕುಂದಾಪುರದ ಕಡೆಯವರೆಂದೂ ಮಗಳು ಹೇಳಿದ್ದಳು. ಆದ್ದರಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನೀವು ಕಟ್ಟಿ ಕಳುಹಿಸಿದ ಅವಳ ಸಾಮಾನಿನ ಪೆಟ್ಟಿಗೆ ಕಳೆದ ವಾರ ತಲುಪಿತು. ಕೃತಜ್ಞತೆಗಳು. ಆದರೆ ಈ ಪತ್ರದ ಉದ್ದೇಶ ಕೃತಜ್ಞತೆ ಸಲ್ಲಿಸುವುದಲ್ಲ.

ಸಂಗತಿಗಳನ್ನು ಕ್ರಮವಾಗಿ ಇಡುತ್ತೇನೆ. ನನ್ನ ಮಗಳು ಹಳೆಯ ಕಟ್ಟಡಗಳ ಬಣ್ಣವನ್ನು ಮೊದಲಿದ್ದಂತೆ ಮರಳಿ ತರುವ ಕೆಲಸದವಳು. ಹೋಬೋಕನ್‌ನಲ್ಲಿ ಮನೆ ಮಾಡಿಕೊಂಡು ಮ್ಯಾನ್‌ಹಟನ್‌ಗೆ ಓಡಾಡುತ್ತಿದ್ದವಳು ಒಂದು ಫೆಲೋಶಿಪ್ ಸಿಕ್ಕಿತೆಂದು ಫೆಬ್ರವರಿಯಲ್ಲಿ ಇಂಗ್ಲೆಂಡಿಗೆ, ನಿಮ್ಮ ವಿಲ್ಲಾದ ಕೆಲಸಕ್ಕೆ ಬಂದಳು. ಸೆಪ್ಟೆಂಬರ್ 22ರ ಭಾನುವಾರ ಸಂಜೆ ನಿಮ್ಮ ಊರಿನ ತನ್ನ ಬಾಡಿಗೆ ಕೋಣೆಯಲ್ಲಿ ತೀರಿಕೊಂಡಳು. ಮಿದುಳಿನ ರಕ್ತನಾಳ ಒಡೆಯಿತೆಂದು ಮರಣ ವಿಚಾರಣೆಯ ಅಧಿಕಾರಿ ಬರೆದಿದ್ದಾರೆ. ಅವಳಿಗೆ ಮೂವತ್ತೊಂದು ವರ್ಷ.

ಅದೇ ವರದಿಯಲ್ಲಿ ಆ ಬಾಡಿಗೆ ಕೋಣೆಯ ಮನೆಯೊಡತಿಯ ಹೇಳಿಕೆ ಇದೆ: ಭಾನುವಾರ ಸಂಜೆ ಮಹಿಮಾ ಬಣ್ಣ ಮೆತ್ತಿದ ಮೇಲಂಗಿಯಲ್ಲಿ ಮರಳಿ ಬಂದಳು, ಬಹಳ ಖುಷಿಯಲ್ಲಿದ್ದಳು. ಆ ಮೇಲಂಗಿ ಈಗ ನನ್ನ ಮೇಜಿನ ಮೇಲಿದೆ. ಎಡತೋಳಿನ ತುಂಬ ಹಳದಿ ಕಲೆ. ನಿಮ್ಮ ಟ್ರಸ್ಟು ಪ್ರಕಟಿಸಿದ ಯೋಜನೆಯಂತೆ ವಿಲ್ಲಾದ ಹೊರಮೈಗೆ ಬಳಸಿದ್ದು ಮೂರೇ ಬಣ್ಣ: ಕಲ್ಲುಬಣ್ಣ, ಬಿಳಿ ಮತ್ತು ಕಪ್ಪು. ಭಾನುವಾರ ಅಲ್ಲಿ ಯಾವ ಕೆಲಸವೂ ನಡೆಯಬಾರದೆಂಬ ನಿಯಮವೂ ಅದರಲ್ಲೇ ಇದೆ.

ಆದ್ದರಿಂದ ಮೂರು ಪ್ರಶ್ನೆಗಳು. ಆ ಭಾನುವಾರ ಅವಳು ಎಲ್ಲಿದ್ದಳು? ಅವಳ ಜೊತೆಗೆ ಯಾರಿದ್ದರು? ಹಳದಿ ಬಣ್ಣ ಎಲ್ಲಿಂದ ಬಂತು?

ನಾನು ಧಾರವಾಡದ ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಪಟುವಾಗಿದ್ದವನು. ಎದುರಾಳಿ ಹೇಳುವುದಕ್ಕಿಂತ ಬಿಟ್ಟದ್ದನ್ನು ಗುರುತು ಹಾಕಿಕೊಳ್ಳುವ ಅಭ್ಯಾಸ ಇನ್ನೂ ಇದೆ. ದಯವಿಟ್ಟು ಫೋನ್ ಮಾಡಬೇಡಿ. ಫೋನಿನಲ್ಲಿ ಮನುಷ್ಯರು ಅಳುತ್ತಾರೆ. ಅಳುವಿನ ನಡುವೆ ಪ್ರಶ್ನೆ ಕಳೆದುಹೋಗುತ್ತದೆ. ಕಾಗದದ ಮೇಲೆ ಉತ್ತರಿಸಿ. ನಿಮ್ಮ ಉತ್ತರವನ್ನು ಸಂಬಂಧಪಟ್ಟ ಅಧಿಕಾರಿಗಳ ಮುಂದಿಡುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ.

ಇತಿ,
ಶಂಕರನಾರಾಯಣ

*

ವೆಲ್‌ಬೋರ್ನ್ ವಿಲ್ಲಾ, ಕೋಲ್‌ಹ್ಯಾಮ್
2 ಡಿಸೆಂಬರ್ 2024

ಶಂಕರನಾರಾಯಣ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿದೆ. ಎಷ್ಟೋ ವರ್ಷಗಳಿಂದ ನನಗೆ ಯಾರೂ ಕನ್ನಡದಲ್ಲಿ ಕಾಗದ ಬರೆದಿರಲಿಲ್ಲ. ಮಹಿಮಾ ಪ್ರತಿ ಬುಧವಾರ ಸಂಜೆ ನನ್ನ ಅಡುಗೆಮನೆಯಲ್ಲಿ ಕೂತು ಮಾತಾಡುತ್ತಿದ್ದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷ್ ಬೆರೆಸಿ ಹೇಳುವುದು. ಹಸಿವಾದಾಗ ಮಾತ್ರ ಅಚ್ಚ ಕನ್ನಡ. "ನಳಿನಿ ಆಂಟಿ, ಇನ್ನೊಂದು ನೀರುದೋಸೆ" ಅನ್ನುವುದನ್ನು ಬಹಳ ಸ್ಪಷ್ಟವಾಗಿ ಹೇಳುತ್ತಿದ್ದಳು.

ಅವಳು ಎಂಥ ಮನೆಯಲ್ಲಿ ಕೆಲಸ ಮಾಡಿದಳೆಂದು ನಿಮಗೆ ತಿಳಿಸಬೇಕು. ಇದನ್ನು 1846ರಲ್ಲಿ ಕಟ್ಟಿಸಿದವನು ಜೋಸಾಯ ಪೆಲ್ ಎಂಬ ಗುಂಡಿ ವ್ಯಾಪಾರಿ. ಬರ್ಮಿಂಗ್‌ಹ್ಯಾಮಿನ ಹೊಗೆಯಿಂದ ಓಡಿ ಗುಡ್ಡದ ಮಗ್ಗುಲಿಗೆ ಬಂದವನು. ಇಟಲಿಯನ್ನು ನೋಡಿಯೇ ಇರಲಿಲ್ಲ, ಆದರೆ ಇಟಲಿಯ ಮನೆಯೇ ಬೇಕಿತ್ತು. ಹಾಗಾಗಿ ತಗ್ಗಾದ ಸ್ಲೇಟುಕಲ್ಲಿನ ಮಾಡು, ಮರದ ಬ್ರಾಕೆಟ್ಟುಗಳ ಮೇಲೆ ಮುಂದೆ ಚಾಚಿದ ಸೂರು, ಒಂದು ಮೂಲೆಯಲ್ಲಿ ಚೌಕ ಗೋಪುರ. ಕಲ್ಲಿನದೆಂದು ಕಾಣುವ ಗೋಡೆ ವಾಸ್ತವವಾಗಿ ಇಟ್ಟಿಗೆ; ಮೇಲೆ ಗಾರೆ ಮೆತ್ತಿ, ಕಲ್ಲಿನ ಸಂದುಗಳಂತೆ ಗೆರೆ ಕೊರೆದಿದ್ದಾರೆ. ಒಳಗಿನ ಮೆಟ್ಟಿಲುಗಳಿಗೆ ಕೆಳಗಿನಿಂದ ಆಧಾರವೇ ಇಲ್ಲ. ಒಂದೊಂದೂ ಗೋಡೆಯೊಳಗೆ ಒಂದು ತುದಿ ಹುಗಿದುಕೊಂಡು ಗಾಳಿಯಲ್ಲಿ ನಿಂತಿದೆ. ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದ ಮೇಲೆ ನಾವು ಬಾಗಿಲಿನ ಹಿಡಿಕೆ ಬದಲಿಸಬೇಕಾದರೂ ನಗರಸಭೆಯ ಅನುಮತಿ ಬೇಕು. ಮಹಿಮಾ ಗಾರೆಯನ್ನು ಚೂರುಚೂರಾಗಿ ಕೆರೆದು, ಹದಿನಾಲ್ಕು ಪದರಗಳ ಕೆಳಗೆ ಮೊದಲ ಬಣ್ಣ ಕಂಡುಹಿಡಿದಳು.

ಭಾನುವಾರ ಇಲ್ಲಿ ಕೆಲಸ ನಡೆಯುವುದಿಲ್ಲ, ನೀವು ಹೇಳಿದ್ದು ಸರಿ. ಹಳದಿಯ ಬಗ್ಗೆ ಏನು ಹೇಳಲಿ, ಬಣ್ಣ ಬೆರೆಸುವವರ ತೋಳಿಗೆ ಏನೇನೋ ಹತ್ತುತ್ತದೆ.

ನೀವು, ಮಹಿಮಾಳ ತಾಯಿ ಶೈಲಜಾ, ಇಬ್ಬರೂ ಇಲ್ಲಿಗೆ ಬನ್ನಿ. ವಸಂತದಲ್ಲಿ ಬನ್ನಿ. ಅದಕ್ಕೆ ಮೊದಲು ಬೇಡ, ಚಳಿ.

ನಳಿನಾಕ್ಷಿ

*

ಮಾರಿಸ್‌ಟೌನ್
20 ಡಿಸೆಂಬರ್ 2024

ಶ್ರೀಮತಿ ನಳಿನಾಕ್ಷಿಯವರಿಗೆ,

ನಾನು ಮೂರು ಪ್ರಶ್ನೆ ಕೇಳಿದೆ. ನೀವು ಒಂದು ಮನೆಯ ಇತಿಹಾಸ ಕಳುಹಿಸಿದಿರಿ. ಮೊದಲ ಪ್ರಶ್ನೆಗೆ ನಿಯಮವನ್ನು ನನಗೇ ಹಿಂತಿರುಗಿಸಿದಿರಿ. ಎರಡನೆಯದನ್ನು ಮುಟ್ಟಲೇ ಇಲ್ಲ. ಮೂರನೆಯದಕ್ಕೆ ಕೊಟ್ಟದ್ದು ಉತ್ತರವಲ್ಲ, ನಿಟ್ಟುಸಿರು. ಜೊತೆಗೆ, ಬನ್ನಿ ಎಂದು ಕರೆದು ಈಗ ಬೇಡ ಎಂದೂ ಹೇಳಿದ್ದೀರಿ. ಮಾರಿಸ್‌ಟೌನಿನಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ಡ್ರೈವ್‌ವೇಯ ಹಿಮವನ್ನು ನಾನೇ ಬಗೆಯುತ್ತೇನೆ. ನಿಮ್ಮ ಊರಿನ ಚಳಿಯಿಂದ ನನ್ನನ್ನು ಕಾಪಾಡುವ ಅಗತ್ಯವಿಲ್ಲ.

ವಿಲ್ಲಾದ ನಕ್ಷೆಗಳು ನಿಮ್ಮ ನಗರಸಭೆಯ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಅವನ್ನು ಮುದ್ರಿಸಿ, ಊಟದ ಮೇಜಿನ ಮೇಲೆ ಹರಡಿ ಅಳೆದಿದ್ದೇನೆ. ತೋಟದ ಕಡೆಯ ಗೋಡೆಯಲ್ಲಿ, ಮೇಲಂತಸ್ತಿಗೆ ಹೊರಗಿನಿಂದ ಐದು ಕಿಟಕಿಗಳಿವೆ. ಒಳಗಿನ ನಕ್ಷೆಯಲ್ಲಿ ಎರಡು ಕೋಣೆ, ಒಂದೊಂದಕ್ಕೆ ಎರಡು ಕಿಟಕಿ. ಒಟ್ಟು ನಾಲ್ಕು. ನಡುವಿನ, ಅಂದರೆ ಮೂರನೆಯ ಕಿಟಕಿಯ ಹಿಂದೆ ಯಾವ ಕೋಣೆಯನ್ನೂ ತೋರಿಸಿಲ್ಲ. ಎರಡು ಕೋಣೆಗಳ ನಡುವೆ ಐದು ಅಡಿ ಜಾಗ ಮಾತ್ರ ಕಪ್ಪು ಬಳಿದು ಬಿಟ್ಟಿದೆ. ಐದು ಅಡಿ ಗೋಡೆಯಲ್ಲ. ಇಲ್ಲಿ ನನ್ನ ಮನೆಯ ಗೋಡೆ ಅರ್ಧ ಅಡಿ ಇಲ್ಲ. ಐದು ಅಡಿ ಎಂದರೆ ಮನುಷ್ಯರು ನಿಲ್ಲಬಹುದಾದ ಕೋಣೆ.

1846ರಲ್ಲಿ ಇಂಗ್ಲೆಂಡಿನಲ್ಲಿ ಕಿಟಕಿಗಳ ಮೇಲೆ ತೆರಿಗೆ ಇತ್ತೆಂದೂ, ಅದನ್ನು ತಪ್ಪಿಸಲು ಮುಚ್ಚಿದ ಕಿಟಕಿ ಅದೆಂದೂ ನೀವು ವಾದಿಸಬಹುದು. ಮುಂಚಿತವಾಗಿಯೇ ನಿರಾಕರಿಸುತ್ತೇನೆ. ಟ್ರಸ್ಟಿನ ಪುಟದಲ್ಲಿ 1871ರ ಒಂದು ಛಾಯಾಚಿತ್ರವಿದೆ. ಅದರಲ್ಲಿ ಈ ಮೂರನೆಯ ಕಿಟಕಿಯ ಪರದೆ ಅರ್ಧ ಇಳಿದಿದೆ. ಪರದೆಯ ಕೆಳಗೆ, ಕಿಟಕಿಯ ಕಟ್ಟೆಯ ಮೇಲೆ, ಬಿಳುಚಿದ ಒಂದು ಆಕಾರವಿದೆ. ಹಿಗ್ಗಿಸಿ ನೋಡಿದೆ. ಅದು ಮುಖ. ತೆರಿಗೆಗೆ ಹೆದರಿ ಮುಚ್ಚಿದ ಕಿಟಕಿಯಲ್ಲಿ ಮುಖ ಇರುವುದಿಲ್ಲ.

ಇದನ್ನು ಮೆಟುಚೆನ್‌ನಲ್ಲಿರುವ ನನ್ನ ಗೆಳೆಯ ಶಿವರಾಮನಿಗೆ ತೋರಿಸಿದೆ. ಕಾಲೇಜಿನ ಚರ್ಚಾತಂಡದಲ್ಲಿ ನನ್ನ ಜೊತೆಗಾರನಾಗಿದ್ದವನು. "ಏನೋ ಶಂಕ್ರ್ಯಾ, ಒಂದು ಮನೀನ ಕಟಕಟೆಗೆ ತಂದು ನಿಲ್ಲಿಸೀಯಲ್ಲೋ" ಎಂದ. "ಮನಿ ಏನ್ ಬಾಯಿ ಬಿಡತೈತಿ?" ಮನೆ ಬಾಯಿ ಬಿಡುವುದಿಲ್ಲ. ಆದ್ದರಿಂದಲೇ ನಿಮ್ಮನ್ನು ಕೇಳುತ್ತಿದ್ದೇನೆ.

ಆ ಕೋಣೆಯಲ್ಲಿ ಏನಿದೆ? ನನ್ನ ಮಗಳು ಭಾನುವಾರ ಅಲ್ಲಿಗೆ ಹೋಗಿದ್ದಳೇ? ಮೂರನೆಯ ಕಿಟಕಿಯ ಇಂದಿನ ಛಾಯಾಚಿತ್ರ ಕಳುಹಿಸಿ.

ಶಂಕರನಾರಾಯಣ

*

ವೆಲ್‌ಬೋರ್ನ್ ವಿಲ್ಲಾ
8 ಜನವರಿ 2025

ಶಂಕರನಾರಾಯಣ ಅವರಿಗೆ,

ಕೋಣೆ ಇಲ್ಲ. ನಿಮ್ಮಾಣೆಗೂ ಇಲ್ಲ.

ಅದು ಕುರುಡು ಕಿಟಕಿ. ಕಟ್ಟುವಾಗಲೇ ಕುರುಡಾಗಿ ಹುಟ್ಟಿದ್ದು. ಕೆಳಗಿನ ದಿವಾನಖಾನೆಯಲ್ಲಿ ದೊಡ್ಡ ಬೆಂಕಿಗೂಡು ಇದೆ; ಅದರ ಹೊಗೆಕೊಳವೆ, ಮೇಲಿನ ಎರಡು ಕೋಣೆಗಳ ಹೊಗೆಕೊಳವೆಗಳು, ಮೂರೂ ಒಟ್ಟಿಗೆ ಆ ಐದು ಅಡಿ ಇಟ್ಟಿಗೆಯೊಳಗೆ ಏರಿ ಮಾಡಿನ ಮೇಲೆ ಹೊರಬರುತ್ತವೆ. ಆದರೆ ಹೊರಗಿನಿಂದ ನೋಡುವವರಿಗೆ ನಾಲ್ಕು ಕಿಟಕಿಯ ನಡುವೆ ಬೋಳು ಗೋಡೆ ಕಂಡರೆ ಪೆಲ್ ಸಾಹೇಬನ ಇಟಲಿ ಹಾಳಾಗುತ್ತಿತ್ತು. ಹಾಗಾಗಿ ಚೌಕಟ್ಟು, ಕಟ್ಟೆ ಎಲ್ಲ ನಿಜವಾದದ್ದು ಇಟ್ಟು, ಗಾಜಿನ ಜಾಗದಲ್ಲಿ ಗಾರೆಯ ಮೇಲೆ ಗಾಜಿನ ಚಿತ್ರ ಬರೆಸಿದ. ತೆರಿಗೆಯ ವಾದವನ್ನು ನಾನು ಹೂಡುವವಳಿರಲಿಲ್ಲ. ಗೋಪುರ ಕಟ್ಟಿಸುವವನು ಒಂದು ಕಿಟಕಿಯ ತೆರಿಗೆಗೆ ಹೆದರುತ್ತಾನೆಯೇ?

ನಿಮ್ಮ ಮನೆಯ ಗೋಡೆ ಮರದ ಹಂದರದ್ದು, ಒಳಗೆ ಚಳಿ ತಡೆಯುವ ಹತ್ತಿ. ಇಲ್ಲಿನ ಗೋಡೆಗೆ ಹೊಟ್ಟೆ ಇರುತ್ತದೆ. ನೀವು ಅಮೆರಿಕದ ಅಳತೆಯಲ್ಲಿ ಇಂಗ್ಲೆಂಡಿನ ಮನೆಯನ್ನು ಅಳೆದಿದ್ದೀರಿ.

ಚಿತ್ರ ಮಾಸಿ, ನಾನು ಬರುವಷ್ಟರಲ್ಲಿ ಆ ಚೌಕಟ್ಟಿನ ತುಂಬ ಬೂದುಬಣ್ಣ ಬಳಿದಿದ್ದರು. ಅದನ್ನು ಮತ್ತೆ ಕಿಟಕಿಯಂತೆ ಬರೆಯುವುದು ಮಹಿಮಾಳ ಕೆಲಸದ ಕೊನೆಯ ಭಾಗ. ಫೋಟೋ ಈಗ ಕಷ್ಟ. ಆ ಗೋಡೆಗೆ ಗುತ್ತಿಗೆದಾರ ಟೋನಿಯ ಜನ ಕೆಲಸಕ್ಕೆಂದು ಕಟ್ಟಿದ ಅಟ್ಟಣಿಗೆ ಇನ್ನೂ ಇದೆ, ಮೇಲೆ ಬಲೆ ಹೊದಿಸಿದೆ. ಬಿಚ್ಚಿದ ಮೇಲೆ ಕಳುಹಿಸುತ್ತೇನೆ. ಈ ಲಕೋಟೆಯಲ್ಲಿ ಬೀದಿಯ ಕಡೆಯ ಗೋಡೆಯ ಚಿತ್ರವಿದೆ. ಆ ಕಲ್ಲುಬಣ್ಣ ನೋಡಿ, ಅವಳು ಕಂಡುಹಿಡಿದದ್ದು.

ಶೈಲಜಾ ಹೇಗಿದ್ದಾರೆ? ನೀವು ಎರಡೂ ಕಾಗದದಲ್ಲಿ ಅವರ ಬಗ್ಗೆ ಒಂದು ಮಾತೂ ಬರೆದಿಲ್ಲ. ಬಿಟ್ಟದ್ದನ್ನು ನಾನೂ ಗುರುತು ಹಾಕಿಕೊಳ್ಳುತ್ತೇನೆ.

ನಳಿನಾಕ್ಷಿ

*

ಮಾರಿಸ್‌ಟೌನ್
27 ಜನವರಿ 2025

ಶ್ರೀಮತಿ ನಳಿನಾಕ್ಷಿಯವರಿಗೆ,

ಹೊಗೆಕೊಳವೆಯ ವಿವರಣೆಯನ್ನು ಪರಿಶೀಲಿಸಿದೆ. ಅದು ಸಮರ್ಪಕವಾಗಿದೆ. ನನ್ನ ಕೋಣೆಯನ್ನು ಹಿಂತೆಗೆದುಕೊಳ್ಳುತ್ತೇನೆ.

ಆದರೆ ಸತ್ಯವನ್ನು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಸುಳ್ಳನ್ನು ಇಟ್ಟುಕೊಂಡಿದ್ದೀರಿ. ಅಟ್ಟಣಿಗೆ ಕಟ್ಟಿದ ಟೋನಿ ತನ್ನ ಕೆಲಸಗಳ ಚಿತ್ರಗಳನ್ನು ಜಾಲತಾಣದಲ್ಲಿ ಹಾಕುತ್ತಾನೆ. ನಿಮ್ಮ ತೋಟದ ಗೋಡೆಯಿಂದ ಅಟ್ಟಣಿಗೆಯನ್ನು ಬಿಚ್ಚಿ ಲಾರಿಗೆ ಏರಿಸುವ ಚಿತ್ರದ ದಿನಾಂಕ ಅಕ್ಟೋಬರ್ 17. ಆ ಚಿತ್ರದಲ್ಲಿ ದೇವದಾರು ಮರದ ಕೊಂಬೆಗಳು ಮೂರನೆಯ ಕಿಟಕಿಗೆ ಅಡ್ಡ ಬಂದಿವೆ. ಬಲೆ ಎಲ್ಲಿಯೂ ಇಲ್ಲ.

ನೀವು ವೈದ್ಯರಾಗಿದ್ದವರೆಂದು ಮಗಳು ಹೇಳಿದ್ದಳು. ಪರೀಕ್ಷೆಗೆ ಒಪ್ಪದ ರೋಗಿಯ ಬಗ್ಗೆ ನೀವು ಯಾವ ತೀರ್ಮಾನಕ್ಕೆ ಬರುತ್ತಿದ್ದಿರಿ? ನನ್ನ ತೀರ್ಮಾನವೂ ಅದೇ. ಭಾನುವಾರ ನನ್ನ ಮಗಳು ಆ ಕಿಟಕಿಯ ಎದುರು, ನಿಯಮಕ್ಕೆ ವಿರುದ್ಧವಾಗಿ, ಅಟ್ಟಣಿಗೆಯ ಮೇಲಿದ್ದಳು. ಅಲ್ಲಿ ಏನೋ ನಡೆಯಿತು. ಬಿದ್ದಳೋ, ತಲೆಗೆ ಪೆಟ್ಟಾಯಿತೋ ತಿಳಿಯದು. ನಿಮ್ಮ ಟ್ರಸ್ಟು ಅದನ್ನು ಮುಚ್ಚಿಡುತ್ತಿದೆ.

ಶೈಲಜಾಳ ಬಗ್ಗೆ ಕೇಳಿದ್ದಿರಿ. "ಆ ಮೇಡಂನ ಬಿಟ್ಬಿಡಿ, ಮಗು ಹೋದ ಮೇಲೆ ಗೋಡೆ ಅಳೆದು ಏನ್ ಸಿಗತ್ತೆ" ಎಂದಳು. ಅವಳ ಅಭಿಪ್ರಾಯವನ್ನು ದಾಖಲಿಸಿದ್ದೇನೆ. ಒಪ್ಪಿಲ್ಲ.

ಚರ್ಚೆಯಲ್ಲಿ ಬಾರಿಸುವ ಮೊದಲ ಗಂಟೆ ಎಚ್ಚರಿಕೆ, ಎರಡನೆಯದು ಮುಕ್ತಾಯ. ನಿಮಗೆ ಎರಡು ಬಾರಿ ಅವಕಾಶ ಕೊಟ್ಟಾಯಿತು. ನಿಮ್ಮ ನಗರಸಭೆಯ ಸಂರಕ್ಷಣಾಧಿಕಾರಿಗೆ ಇಂದು ಇ-ಮೇಲ್ ಕಳುಹಿಸಿದ್ದೇನೆ. ಮೂರನೆಯ ಕಿಟಕಿಯನ್ನು ಅನುಮೋದಿತ ನಕ್ಷೆಯೊಂದಿಗೆ ಹೋಲಿಸಿ ಪರಿಶೀಲಿಸಬೇಕೆಂದು ಕೋರಿದ್ದೇನೆ.

ಶಂಕರನಾರಾಯಣ

*

ವೆಲ್‌ಬೋರ್ನ್ ವಿಲ್ಲಾ
30 ಜನವರಿ 2025

ಶಂಕರನಾರಾಯಣ ಅವರಿಗೆ,

ನಿಮ್ಮ ಉತ್ತರ ಇನ್ನೂ ಬಂದಿಲ್ಲ. ಬರುವ ಮೊದಲೇ ಬರೆಯುತ್ತಿದ್ದೇನೆ. ಕಳೆದ ಕಾಗದದಲ್ಲಿ ಅಟ್ಟಣಿಗೆಯ ಬಗ್ಗೆ ಬರೆದದ್ದು ಸುಳ್ಳು, ಅದು ನನಗೆ ಒಗ್ಗುತ್ತಿಲ್ಲ.

ಆ ಕಿಟಕಿಗೆ ನಗರಸಭೆ ಒಪ್ಪಿದ್ದು ಇಷ್ಟೇ: ಕಪ್ಪು ಗಾಜು, ಬಿಳಿ ಪಟ್ಟಿ. ಅದನ್ನು ಮಹಿಮಾ ಆಗಸ್ಟಿನಲ್ಲೇ ಮುಗಿಸಿದಳು. ಆಮೇಲೆ ಒಂದು ಬುಧವಾರ ನನ್ನ ಅಡುಗೆಮನೆಯಲ್ಲಿ ಕೂತು, "ಆಂಟಿ, ಕಿಟಕಿ ಅಂದ್ಮೇಲೆ ಒಳಗಡೆ ಯಾರಾದ್ರೂ ಇರ್ಬೇಕಲ್ವಾ? ಅದರ್‌ವೈಸ್ ಇಟ್ಸ್ ಜಸ್ಟ್ ಎ ವಾಲ್ ವಿತ್ ಮೇಕಪ್" ಎಂದಳು.

"ನಕ್ಷೆಯಲ್ಲಿ ಇಲ್ಲ ಮಾರಾಯ್ತಿ. ನನ್ನ ಕಾರ್ಯದರ್ಶಿ ಪಟ್ಟ ಹೋಗ್ತದೆ."

"ಡ್ಯಾಡ್ ಇದ್ದಿದ್ರೆ ಕಂಡಿಷನ್ ನಂಬರ್ ಸಮೇತ ಓದಿ ಹೇಳ್ತಿದ್ರು. ನೀವೂ ಹಾಗೆ ಮಾಡ್ಬೇಡಿ, ಪ್ಲೀಸ್."

ವಾರದ ದಿನ ಟೋನಿಯ ಜನ ಇರುತ್ತಾರೆ. ಹಾಗಾಗಿ ಸೆಪ್ಟೆಂಬರಿನ ಭಾನುವಾರಗಳು. ಅವಳು ಮೇಲೆ, ನಾನು ಕೆಳಗೆ ಕುರ್ಚಿ ಹಾಕಿಕೊಂಡು ಕಾವಲು. ಮೊದಲು ಅರ್ಧ ಇಳಿದ ಪರದೆ ಬರೆದಳು. ಕೊನೆಯ ಭಾನುವಾರ ಕಿಟಕಿಯ ಕಟ್ಟೆಯ ಮೇಲೆ ಒಂದು ಹಿತ್ತಾಳೆಯ ವಸ್ತು. ನಿಮ್ಮ ಮೂರನೆಯ ಪ್ರಶ್ನೆಯ ಹಳದಿ ಅದು. ಏನೇ ಅದು ಎಂದು ಕೇಳಿದೆ. "ಗೆಸ್ ಮಾಡಿ." ಮಗುಚಿ ಬಿದ್ದ ಚೊಂಬು ಎಂದೆ. ಅಟ್ಟಣಿಗೆ ಅಲ್ಲಾಡುವ ಹಾಗೆ ನಕ್ಕಳು. "ಅಪ್ಪನಿಗೆ ಗೊತ್ತಾಗತ್ತೆ. ನವೆಂಬರ್‌ನಲ್ಲಿ ಕರ್ಕೊಂಡ್ ಬಂದು ಮರದ ಕೆಳಗೆ ನಿಲ್ಲಿಸ್ತೀನಿ. ಹೀ ವಿಲ್ ಸ್ಪಾಟ್ ಇಟ್. ಆಮೇಲೆ ಅದು ಅಲ್ಲಿ ಯಾಕಿರಬಾರದು ಅಂತ ತ್ರೀ ಪಾಯಿಂಟ್ಸ್ ಹೇಳ್ತಾರೆ."

ಅವಳು ಬೀಳಲಿಲ್ಲ. ಇದನ್ನು ನಂಬಿ. ತಾನಾಗಿ ಇಳಿದು ಬಂದು, ಕೈ ತೊಳೆದು, ನೀರುದೋಸೆ ತಿಂದು ಸೈಕಲ್ ಹತ್ತಿ ಹೋದಳು. ನಾನು ಅರಿವಳಿಕೆಯ ವೈದ್ಯೆಯಾಗಿದ್ದವಳು. ಮುಖ ನೋಡಿಕೊಂಡು ಕೂರುವುದೇ ನನ್ನ ಕಸುಬಾಗಿತ್ತು. ಆ ಮುಖದಲ್ಲಿ ಏನೂ ಇರಲಿಲ್ಲ. ಅದನ್ನು ನಾನು ಎಷ್ಟು ಸಲ ನೆನಪಿಗೆ ತಂದುಕೊಂಡು ನೋಡಿದ್ದೇನೆಂದು ನಿಮಗೆ ಹೇಗೆ ಹೇಳಲಿ.

ಮೊದಲೇ ಹೇಳಲಿಲ್ಲ ಯಾಕೆಂದರೆ, ಅಧಿಕಾರಿಗಳ ಮುಂದಿಡುವ ಹಕ್ಕು ಕಾಯ್ದಿರಿಸಿದ್ದೇನೆ ಎಂದು ನೀವು ಬರೆದಿರಿ. ಅವರಿಗೆ ತಿಳಿದರೆ ಅಳಿಸಲು ಹೇಳುತ್ತಾರೆ. ಮರ ಅಡ್ಡ ಇರುವುದರಿಂದ ಇದುವರೆಗೆ ಯಾರೂ ಗಮನಿಸಿಲ್ಲ. ಫೋಟೋ ಇಟ್ಟಿದ್ದೇನೆ. ನೋಡಿ, ಯಾರಿಗೂ ತೋರಿಸಬೇಡಿ.

ನಳಿನಾಕ್ಷಿ

*

ವೆಲ್‌ಬೋರ್ನ್ ವಿಲ್ಲಾ
11 ಫೆಬ್ರವರಿ 2025

ಶಂಕರನಾರಾಯಣ ಅವರಿಗೆ,

ನಿಮ್ಮ ಜನವರಿ 27ರ ಕಾಗದ ನಿನ್ನೆ ತಲುಪಿತು. ಅದಕ್ಕಿಂತ ಮೊದಲೇ ಅಧಿಕಾರಿ ತಲುಪಿದ್ದರು.

ಸೌಜನ್ಯದ ಮನುಷ್ಯ. ಏಣಿ ತರಿಸಿ ಹತ್ತಿದರು, ಬಹಳ ಹೊತ್ತು ನೋಡಿದರು. ಇಳಿದು ಬಂದು, ಇಷ್ಟು ಚೆನ್ನಾಗಿ ಬರೆದ ಪರದೆಯನ್ನು ತಾನು ಕಂಡಿಲ್ಲ, ಆದರೆ ಅನುಮತಿ ಇಲ್ಲ ಎಂದರು. ಒಂದೋ ನಕ್ಷೆಯಂತೆ ಕಪ್ಪು ಬಳಿಯಬೇಕು, ಇಲ್ಲವೇ ಮಾರ್ಚ್ ಕೊನೆಯೊಳಗೆ ಆಗಿಹೋದ ಕೆಲಸಕ್ಕೆ ಅನುಮತಿ ಕೋರಿ ಅರ್ಜಿ ಹಾಕಬೇಕು. ಅರ್ಜಿಯ ಪರವಾಗಿಯೋ ವಿರುದ್ಧವಾಗಿಯೋ ಯಾರು ಬೇಕಾದರೂ ಬರೆಯಬಹುದು. ಅನುಕಂಪ ಲೆಕ್ಕಕ್ಕಿಲ್ಲ; ಕಟ್ಟಡದ ಇತಿಹಾಸಕ್ಕೆ ಸಂಬಂಧಿಸಿದ ಕಾರಣ ಬೇಕು.

ಅರ್ಜಿ ನಾನು ಹಾಕುತ್ತೇನೆ. ನೀವು ಯಾವ ಕಡೆ ಮಾತಾಡುವಿರೋ ನಿಮಗೆ ಬಿಟ್ಟದ್ದು.

ನಳಿನಾಕ್ಷಿ

*

ಮಾರಿಸ್‌ಟೌನ್
26 ಫೆಬ್ರವರಿ 2025

ಶ್ರೀಮತಿ ನಳಿನಾಕ್ಷಿಯವರಿಗೆ,

ನಮ್ಮ ಪತ್ರಗಳು ದಾರಿಯಲ್ಲಿ ಒಂದನ್ನೊಂದು ದಾಟಿದವು. ನಿಮ್ಮದು ಜನವರಿ 27ಕ್ಕೆ ಮೊದಲು ಬಂದಿದ್ದರೆ ನಾನು ಆ ಇ-ಮೇಲ್ ಕಳುಹಿಸುತ್ತಿರಲಿಲ್ಲವೇ ಎಂದು ನನ್ನನ್ನೇ ಕೇಳಿಕೊಂಡೆ.

ಅದು ಚೊಂಬಲ್ಲ. ಅದರ ಹಿಡಿ ಕಪ್ಪು ಮರದ್ದು, ಪರದೆಯ ನೆರಳಿನಲ್ಲಿ ಸೇರಿಹೋಗಿದೆ. ಆದ್ದರಿಂದ ನಿಮಗೆ ಹಾಗೆ ಕಂಡಿತು. ಅದು ಧಾರವಾಡದಲ್ಲಿ ನಮ್ಮ ಚರ್ಚಾಕೂಟದ ಸಮಯಪಾಲಕರ ಮೇಜಿನ ಮೇಲೆ ಇರುತ್ತಿದ್ದ ಗಂಟೆ. ಪರ್ಯಾಯ ಪಾರಿತೋಷಕ ಮೂರು ಸಲ ಗೆದ್ದದ್ದಕ್ಕೆ ಬೀಳ್ಕೊಡುವಾಗ ನನಗೆ ಕೊಟ್ಟರು. ಈ ಮನೆಯಲ್ಲಿ ಶುಕ್ರವಾರದ ಊಟ ಚರ್ಚೆಯೊಂದಿಗೆ ನಡೆಯುತ್ತಿತ್ತು. ಒಂದು ವಿಷಯ, ಪರ, ವಿರೋಧ, ಎಲ್ಲರಿಗೂ ಮೂರು ನಿಮಿಷ. ಮಹಿಮಾ ಏಳು ವರ್ಷದವಳಾಗಿದ್ದಾಗಿನಿಂದ. ಎರಡನೆಯ ಗಂಟೆಯ ನಂತರದ ಮಾತನ್ನು ನಾನು ಪರಿಗಣಿಸುತ್ತಿರಲಿಲ್ಲ. ಈ ಕ್ರಮ ತಪ್ಪೆಂದು ನಾನು ಇಂದೂ ಒಪ್ಪುವುದಿಲ್ಲ. ಅದರಿಂದಲೇ ಅವಳು ಅಡ್ಡ ಮಾತಿಲ್ಲದೆ ಯೋಚಿಸಲು ಕಲಿತಳು.

ಕೊನೆಯ ಚರ್ಚೆ ಕಳೆದ ವರ್ಷದ ಜನವರಿಯಲ್ಲಿ. ವಿಷಯ: ಮಹಿಮಾ ಇಂಗ್ಲೆಂಡಿಗೆ ಹೋಗಬೇಕೇ. ನಾನು ವಿರೋಧ. ಅವಳು ವೇತನ, ವೀಸಾ, ಅನುಭವ ಎಲ್ಲವನ್ನೂ ಹೇಳಿ ಮುಗಿಸಿ, ಕೊನೆಗೆ, "ಅಲ್ಲಿ ಒಂದು ಕಿಟಕಿ ಇದೆ ಅಪ್ಪ, ಅದು..." ಎಂದಳು. ಸಮಯವಾಗಿತ್ತು. ನಿಯಮದಂತೆ ಬಾರಿಸಿದೆ. ಅವಳು ಎದ್ದು ತಟ್ಟೆಗಳನ್ನು ಒಳಗೆ ತೆಗೆದುಕೊಂಡು ಹೋದಳು.

ನಿಮ್ಮ ಫೋಟೋದಲ್ಲಿ ಗಂಟೆ ಒರಗಿ ಮಲಗಿದೆ. ಮಲಗಿದ ಗಂಟೆ ಬಾರಿಸುವುದಿಲ್ಲ. ಒಂದು ವಾದ: ಇದು ನನ್ನ ಮೇಲಿನ ಆರೋಪ, ಅಳಿಸಲಾಗದ ಜಾಗದಲ್ಲಿ ಬರೆದದ್ದು. ಇನ್ನೊಂದು ವಾದ: ಆರೋಪ ಮಾಡುವವಳು ನವೆಂಬರಿನಲ್ಲಿ ಅಪ್ಪನನ್ನು ಕರೆತಂದು ತೋರಿಸುತ್ತೇನೆಂದು ನಗುವುದಿಲ್ಲ. ಎರಡೂ ಕಡೆಯನ್ನು ರಾತ್ರಿಗಟ್ಟಲೆ ಮಂಡಿಸಿದೆ. ಮೊದಲನೆಯದೇ ಗೆಲ್ಲುತ್ತಿತ್ತು.

ಶೈಲಜಾ ಕನ್ನಡಕ ಹಾಕಿಕೊಂಡು ಫೋಟೋ ನೋಡಿದಳು. "ಇದೇನ್ ಹೊಸದಾ? ಪ್ರತಿ ಶುಕ್ರವಾರ ತಟ್ಟೆ ಹಾಕೋ ಮುಂಚೆ ಅದನ್ನ ಹೀಗೇ ಮಲಗಿಸ್ತಿದ್ಲು. ನೀವು ಬಂದು ಎತ್ತಿ ನಿಲ್ಲಿಸ್ತಿದ್ರಿ."

"ಮೇಜು ಒರೆಸುವಾಗ ನೀನು ಬೀಳಿಸುತ್ತೀಯೆಂದುಕೊಂಡಿದ್ದೆ."

"ಇಪ್ಪತ್ತು ವರ್ಷ ಪ್ರತಿ ವಾರ ಬೀಳಿಸ್ತೀನಾ? ನೀವು ಎತ್ತಿ ನಿಲ್ಲಿಸೋವಾಗ ಅವಳು ನನ್ನ ಕಡೆ ನೋಡಿ ನಗೋಳು. ನಿಮಗೆ ಯಾವತ್ತಾದ್ರೂ ಗೊತ್ತಾಗತ್ತೇನೋ ಅಂತ ಕಾಯ್ತಾ ಇದ್ವಿ."

ಎಲ್ಲರನ್ನೂ ಸಂಶಯಿಸಿದ ನಾನು ನನ್ನ ಊಟದ ಮೇಜನ್ನು ಸಂಶಯಿಸಿರಲಿಲ್ಲ.

ನಗರಸಭೆಗೆ ಬರೆದದ್ದರ ಸಾರಾಂಶ ಇದು. ನನ್ನ ಮಗಳು ಅನುಮತಿಯ ಷರತ್ತನ್ನು ಮುರಿದಿದ್ದಾಳೆ, ಇದನ್ನು ಅಲ್ಲಗಳೆಯುವುದಿಲ್ಲ. ಆದರೆ 1871ರ ಛಾಯಾಚಿತ್ರದಲ್ಲಿ ಮೂರನೆಯ ಕಿಟಕಿಯ ಪರದೆ ಅರ್ಧ ಇಳಿದಿದೆ, ಕಟ್ಟೆಯ ಮೇಲೆ ಬಿಳುಚಿದ ಆಕಾರವಿದೆ. ಆ ಕಿಟಕಿಯ ಹಿಂದೆ ಹೊಗೆಕೊಳವೆಯ ಹೊರತು ಏನೂ ಇಲ್ಲದಿರುವುದರಿಂದ ಅದು ಮನುಷ್ಯನ ಮುಖವಾಗಿರಲು ಸಾಧ್ಯವಿಲ್ಲ. ಅಂದರೆ ಪೆಲ್‌ನ ಕಾಲದ ಚಿತ್ರಕಾರನೇ ಅಲ್ಲಿ ಪರದೆಯನ್ನೂ ಒಂದು ವಸ್ತುವನ್ನೂ ಬರೆದಿದ್ದ. ತಪ್ಪಿದ್ದು ಅನುಮೋದಿತ ನಕ್ಷೆ; ಇತಿಹಾಸಕ್ಕೆ ನಿಷ್ಠವಾಗಿರುವುದು ಮಹಿಮಾಳ ಕೆಲಸ. ಡಿಸೆಂಬರಿನಲ್ಲಿ ನಿಮ್ಮ ವಿರುದ್ಧ ಹಿಡಿದ ಅದೇ ಛಾಯಾಚಿತ್ರವನ್ನು ಹಿಗ್ಗಿಸಿ ಜೊತೆಗಿಟ್ಟಿದ್ದೇನೆ.

ಆ ವಸ್ತು ಗಂಟೆಯೇ ಎಂದು ನಾನು ವಾದಿಸಿಲ್ಲ. ಅದಕ್ಕೆ ಪುರಾವೆ ಇಲ್ಲ.

ಶಂಕರನಾರಾಯಣ

*

ವೆಲ್‌ಬೋರ್ನ್ ವಿಲ್ಲಾ
4 ಏಪ್ರಿಲ್ 2025

ಶಂಕರನಾರಾಯಣ ಅವರಿಗೆ,

ತೀರ್ಪು ಬಂತು. ಪರದೆ ಶಾಶ್ವತವಾಗಿ ಉಳಿಯಬಹುದು. ನಿಮ್ಮ ಛಾಯಾಚಿತ್ರದ ವಾದವನ್ನು ಅಧಿಕಾರಿ ಪೂರ್ತಿ ಒಪ್ಪಿದ್ದಾರೆ. ಕಟ್ಟೆಯ ಮೇಲಿನ ವಸ್ತುವಿನ ಬಗ್ಗೆ ಅವರಿಗೆ ನಿಮ್ಮಷ್ಟೇ ಸಂಶಯ. ಹಳೆಯ ಚಿತ್ರದಲ್ಲಿರುವುದು ಹೂಕುಂಡವೋ ಬೆಕ್ಕೋ ಹೇಳಲಾಗದು; ಏನೋ ಒಂದು ಇತ್ತು ಎಂಬುದಷ್ಟೇ ಸಾಬೀತು. ಆದ್ದರಿಂದ ಗಂಟೆ ಸದ್ಯ ಇರಲಿ, ಮುಂದಿನ ಬಾರಿ ಹೊರಗೋಡೆಗೆ ಬಣ್ಣ ಬಳಿಯುವಾಗ ತೆಗೆಯಬೇಕು.

ಮುಂದಿನ ಬಣ್ಣ ಯಾವಾಗ ಎಂದು ನಿರ್ಧರಿಸುವ ಸಭೆಯನ್ನು ಕರೆಯಬೇಕಾದವಳು ಟ್ರಸ್ಟಿನ ಕಾರ್ಯದರ್ಶಿ. ಅವಳಿಗೆ ವಯಸ್ಸಾಗಿದೆ, ಇತ್ತೀಚೆಗೆ ಬಹಳ ಮರೆವು.

ವಸಂತ ಬಂದಿದೆ. ದೇವದಾರಿನ ಒಂದು ಕೊಂಬೆಯನ್ನು ಮಾತ್ರ, ಅನುಮತಿ ಪಡೆದೇ, ಕಡಿಸಿದ್ದೇನೆ.

ನಳಿನಾಕ್ಷಿ

*

ಮಾರಿಸ್‌ಟೌನ್
15 ಏಪ್ರಿಲ್ 2025

ಶ್ರೀಮತಿ ನಳಿನಾಕ್ಷಿಯವರಿಗೆ,

ನಿಮ್ಮ ಮರೆವನ್ನು ನಾನು ನಂಬುವುದಿಲ್ಲ. ಈ ಒಂದು ಸಲ ಪ್ರಶ್ನಿಸುವುದೂ ಇಲ್ಲ.

ಮೇ ತಿಂಗಳ ಎರಡನೆಯ ವಾರದಲ್ಲಿ ನಾವಿಬ್ಬರೂ ಬರುತ್ತೇವೆ. ನೆವಾರ್ಕ್‌ನಿಂದ ಟಿಕೆಟ್ ಆಗಿದೆ. ಅಳತೆಯ ಟೇಪು ತರುವುದಿಲ್ಲವೆಂದು ಶೈಲಜಾ ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ಕಳೆದ ಶುಕ್ರವಾರ ಊಟಕ್ಕೆ ಕೂರುವಾಗ ನಮ್ಮ ಮೇಜಿನ ಮೇಲೆ ಗಂಟೆ ಮಲಗಿತ್ತು. ಮಲಗಿಸಿದವರು ಯಾರೆಂದು ನಾನು ವಿಚಾರಿಸಲಿಲ್ಲ. ಎತ್ತಿ ನಿಲ್ಲಿಸಲೂ ಇಲ್ಲ.

ಅವಳು ಅದನ್ನು ನನ್ನ ವಿರುದ್ಧ ಬರೆದಳೋ, ನನಗಾಗಿ ಬರೆದಳೋ ಎಂಬ ಸಂಶಯ ಪೂರ್ತಿ ಹೋಗಿಲ್ಲ. ಶೈಲಜಾಳ ಸಾಕ್ಷ್ಯ ಬಲವಾಗಿದೆ, ಆದರೆ ಅವಳು ಮಗಳ ಪಕ್ಷದವಳು.

ಒಂದು ಕೋರಿಕೆ. ಭಾನುವಾರಗಳಂದು ನೀವು ಕಾವಲು ಕೂರುತ್ತಿದ್ದ ಕುರ್ಚಿಯನ್ನು ಆ ಕಿಟಕಿಯ ಕೆಳಗೆ, ಅದೇ ಜಾಗದಲ್ಲಿ ಹಾಕಿಸಿ. ಅವಳ ಮಾತು ಅರ್ಧಕ್ಕೆ ನಿಂತಿದೆ. ಮುಗಿಯುವವರೆಗೆ ಕೂತಿರುತ್ತೇನೆ.

ಶಂಕರನಾರಾಯಣ